ಕಥೆಗಳು ತೆರೆಗೆ ಹೋದ ದಾರಿಗಳು

ಮೈಸೂರಿನಿಂದ ಕನ್ನಂಬಾಡಿ ಕಟ್ಟೆಗೆ ಹೋಗುವ ರಸ್ತೆಯ ಬದಿಯಲ್ಲಿ, ನಗರದ ಉತ್ತರದ ಅಂಚಿನಲ್ಲಿರುವ ಮೇಟಗಳ್ಳಿಯು ಇಂದು ನೋಡುವವರಿಗೆ ಕಾರ್ಖಾನೆಗಳ ಊರಾಗಿ ಕಾಣುತ್ತದೆ. ವಿಕ್ರಾಂತ್ ಎಂಬ ಹೆಸರಿನಲ್ಲಿ ಹುಟ್ಟಿ ಅನಂತರ ಕೈಬದಲಾದ ಟೈರಿನ ಕಾರ್ಖಾನೆ, ರಿಸರ್ವ್ ಬ್ಯಾಂಕಿಗೆ ಸೇರಿದ ನೋಟು ಮುದ್ರಣಾಲಯ, ಪಾಳಿಯ ಮೇಲೆ ಪಾಳಿ ಬದಲಾಯಿಸುವ ಕಾರ್ಮಿಕರು, ಅವರ ಸಂಸಾರಗಳನ್ನು ತುಂಬಿಕೊಂಡಿರುವ ಸಾಲುಮನೆಗಳು, ಇವುಗಳ ನಡುವೆ ಹಳೆಯ ಹಳ್ಳಿಯ ಕುರುಹುಗಳನ್ನು ಹುಡುಕಿಯೇ ಕಾಣಬೇಕು. ಇಂತಹ ಊರಿನಿಂದ ಚಲನಚಿತ್ರದ ಪೂರ್ವೇತಿಹಾಸವೊಂದನ್ನು ಪ್ರಾರಂಭಿಸುವುದು ವಿಚಿತ್ರವಾಗಿ ತೋರಬಹುದಾದರೂ, ಈ ಊರು ಚಿತ್ರರಂಗಕ್ಕೆ ಎಂದೂ ದೂರವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಬೃಂದಾವನದ ಕಾರಂಜಿಗಳ ಮುಂದೆ ಹಾಡುಗಳನ್ನು ಚಿತ್ರೀಕರಿಸಲು ಹೋಗುವ ತಂಡಗಳಿಗೆ ಮೈಸೂರಿನಿಂದ ಇದೇ ರಸ್ತೆ. ಕೆಲವೇ ಮೈಲಿಗಳಾಚೆ, ಹುಣಸೂರು ರಸ್ತೆಯಲ್ಲಿ, ಎಂ. ಎನ್. ಬಸವರಾಜಯ್ಯನವರು 1954ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಸ್ಟುಡಿಯೊ ಇತ್ತು. ತಾರೆಗಳು ಕಾರಿನಲ್ಲಿ ಹಾದುಹೋಗುವುದನ್ನು ರಸ್ತೆಯ ಬದಿಯಲ್ಲಿ ನಿಂತು ನೋಡಬಹುದಾಗಿದ್ದ ಊರಿನಲ್ಲಿಯೂ, ತಲೆಯೊಳಗೆ ಒಂದು ಕಥೆಯನ್ನಿಟ್ಟುಕೊಂಡವನು ಅದನ್ನು ಯಾರ ಕೈಗೆ ಕೊಡಬೇಕೆಂಬುದು ಮಾತ್ರ ಸುಲಭವಾಗಿ ತಿಳಿಯುವ ವಿಷಯವಾಗಿರಲಿಲ್ಲ. ಇಂದು ಅದೇ ಊರಿನ ಯುವಕನೋ ಗೃಹಿಣಿಯೋ ಚಿತ್ರಕಥೆಯ ಸಾರಾಂಶವನ್ನು ಫೋನಿನಲ್ಲಿಯೇ ಬೆರಳಚ್ಚಿಸಿ, ಬೆಂಗಳೂರಿನ ಅಥವಾ ಮುಂಬಯಿಯ ನಿರ್ಮಾಣಸಂಸ್ಥೆಗೆ ಅಂತರ್ಜಾಲದ ಮೂಲಕ ಕಳುಹಿಸಬಲ್ಲರು. ಈ ಅನುಕೂಲದ ಬೆಲೆಯನ್ನು ಅರಿಯಬೇಕಾದರೆ, ಇದಕ್ಕೆ ಮೊದಲು ಕನ್ನಡದ ಕಥೆಗಳು ತೆರೆಯನ್ನು ಮುಟ್ಟಲು ಯಾವ ಯಾವ ದಾರಿಗಳನ್ನು ಹಿಡಿದುವು, ಆ ದಾರಿಗಳಲ್ಲಿ ಯಾರು ನಡೆಯಬಲ್ಲವರಾಗಿದ್ದರು, ಯಾರು ಆಗಿರಲಿಲ್ಲ ಎಂಬುದನ್ನು ನೋಡಬೇಕು.

ಮೊದಲನೆಯ ದಾರಿ ರಂಗಮಂಟಪದ ಮೇಲೆ ಹಾದು ಬಂದಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಬಂಡವಾಳ ಹೂಡಿದವರು ವ್ಯಾಪಾರಿಗಳಾಗಿದ್ದ ಚಮನ್‌ಲಾಲ್ ಡೂಂಗಾಜಿಯವರು, ಚಿತ್ರ ತಯಾರಾದದ್ದು ದೂರದ ಕೊಲ್ಹಾಪುರದಲ್ಲಿ, ಸಾಹಿತ್ಯವನ್ನೊದಗಿಸಿದವರು ಮಾತ್ರ ನಾಟಕಮಂಡಲಿಗಳಿಗೆ ಬರೆದು ಹೆಸರಾಗಿದ್ದ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಮುಖ್ಯ ಪಾತ್ರಗಳಲ್ಲಿದ್ದ ಸುಬ್ಬಯ್ಯ ನಾಯುಡು, ನಾಗೇಂದ್ರರಾಯರು ರಂಗಭೂಮಿಯವರೇ. ಹೊಸ ಉದ್ಯಮವೊಂದಕ್ಕೆ ಹಣ ಹಾಕುವ ವರ್ತಕನು ಅಪರಿಚಿತನೊಬ್ಬನ ಕಾಗದದ ಕಟ್ಟನ್ನು ನಂಬುವುದಕ್ಕಿಂತಲೂ, ಊರೂರುಗಳಲ್ಲಿ ಟಿಕೆಟ್ಟು ಮಾರಿ, ಚಪ್ಪಾಳೆಯನ್ನೂ ‘ಒನ್ಸ್‌ಮೋರ್’ಅನ್ನೂ ಗಳಿಸಿದ ಕಥಾವಸ್ತುವನ್ನು ನಂಬುವುದು ಸಹಜವಾಗಿತ್ತು. ಎಚ್. ಎಲ್. ಎನ್. ಸಿಂಹರು 1936ರಲ್ಲಿ ತೆರೆಗೆ ತಂದ ‘ಸಂಸಾರ ನೌಕೆ’ಯು ಅವರದೇ ನಾಟಕವಾಗಿತ್ತು, ಪುರಾಣಗಳೇ ಚಿತ್ರಗಳಾಗುತ್ತಿದ್ದ ಕಾಲದಲ್ಲಿ ಸಾಮಾಜಿಕ ವಸ್ತುವೊಂದು ನಿರ್ಮಾಪಕನಿಗೆ ಒಪ್ಪಿಗೆಯಾದದ್ದಕ್ಕೆ ರಂಗದ ಮೇಲೆ ಅದು ಮೊದಲೇ ಪರೀಕ್ಷಿತವಾಗಿದ್ದುದು ಒಂದು ಕಾರಣವೆನ್ನಬಹುದು. 1954ರಲ್ಲಿ ಇದೇ ಸಿಂಹರ ನಿರ್ದೇಶನದಲ್ಲಿ ಬಂದು, ರಾಜಕುಮಾರರನ್ನು ನಾಯಕನಟರನ್ನಾಗಿ ಮಾಡಿದ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿ ನಾಟಕ ಕಂಪೆನಿಯ ಪರಂಪರೆಯಿತ್ತು. ಈ ದಾರಿಯ ಗುಣವೂ ದೋಷವೂ ಒಂದೇ ಆಗಿದ್ದುವು: ಕಂಪೆನಿಯೊಳಗಿದ್ದವನಿಗೆ ಅದು ರಾಜಮಾರ್ಗ, ಹೊರಗಿದ್ದವನಿಗೆ ದಾರಿಯೇ ಅಲ್ಲ. ಕಂಪೆನಿಯನ್ನು ಸೇರುವುದೆಂದರೆ ಮನೆಮಠಗಳನ್ನು ಬಿಟ್ಟು ವರ್ಷದ ಬಹುಭಾಗವನ್ನು ಸಂಚಾರದಲ್ಲಿ ಕಳೆಯುವುದೆಂದು ಅರ್ಥವಾದುದರಿಂದ, ಕಥೆ ಬರೆಯುವ ಯೋಗ್ಯತೆಯೊಂದೇ ಸಾಲದೆ, ಅದಕ್ಕಾಗಿ ಜೀವನಕ್ರಮವನ್ನೇ ಬದಲಾಯಿಸಿಕೊಳ್ಳುವ ಎದೆಗಾರಿಕೆಯೂ ಬೇಕಾಗಿತ್ತು.

ಮೈಸೂರಿಗೆ ಚಿತ್ರನಿರ್ಮಾಣವು ಬಂದಾಗ ಈ ಸ್ಥಿತಿ ಸ್ವಲ್ಪ ಸಡಿಲವಾಯಿತು. ಡಿ. ಶಂಕರಸಿಂಗರೂ ಬಿ. ವಿಠಲಾಚಾರ್ಯರೂ ಕೂಡಿ ನಡೆಸಿದ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯು ಇಲ್ಲಿಯೇ ನೆಲೆಯೂರಿ, 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’ಗಳನ್ನು ನಿರ್ಮಿಸಿತು. ನವಜ್ಯೋತಿ ಸ್ಟುಡಿಯೊ, ಅದರ ಬಳಿಕ ಪ್ರೀಮಿಯರ್ ಸ್ಟುಡಿಯೊ ಇದ್ದುದರಿಂದ, ಮದರಾಸಿನ ರೈಲು ಹತ್ತದೆಯೂ ಚಿತ್ರಗಳ ಸಮೀಪಕ್ಕೆ ಹೋಗುವ ಅವಕಾಶ ಮೈಸೂರಿನವರಿಗೆ ದೊರೆಯಿತು. ಆದರೆ ಚಿತ್ರೀಕರಣವು ನಡೆಯುವ ಸ್ಥಳವೂ ಕಥೆಯ ನಿರ್ಣಯವಾಗುವ ಸ್ಥಳವೂ ಬೇರೆಬೇರೆಯಾಗಿರುವುದು ಈ ಉದ್ಯಮದ ಸ್ವಭಾವ. ಸ್ಟುಡಿಯೊದ ಹೊಸ್ತಿಲಿಗೆ ಬರುವಷ್ಟರಲ್ಲಿ ಕಥೆಯು ಗೊತ್ತಾಗಿ, ಹಣ ಒದಗಿ, ತಾರೆಗಳ ದಿನಗಳು ನಿಗದಿಯಾಗಿರುತ್ತಿದ್ದುವು. ಆ ನಿರ್ಣಯವೆಲ್ಲವೂ ಮೊದಲು ಮದರಾಸಿನಲ್ಲಿ, ಉದ್ಯಮವು ಕ್ರಮೇಣ ಕರ್ನಾಟಕಕ್ಕೆ ಮರಳಿದ ಮೇಲೆ ಬೆಂಗಳೂರಿನ ಗಾಂಧಿನಗರದಲ್ಲಿ ಆಗುತ್ತಿತ್ತು. ಮೇಟಗಳ್ಳಿಯಿಂದ ಪ್ರೀಮಿಯರ್ ಸ್ಟುಡಿಯೊಗೆ ಸೈಕಲ್ಲಿನಲ್ಲಿ ಹೋಗಿಬರಬಹುದಾಗಿದ್ದವನಿಗೂ ಕಥೆ ಕೊಡುವುದಕ್ಕೆ ಗಾಂಧಿನಗರದ ಹಾದಿಯನ್ನೇ ತುಳಿಯಬೇಕಾಗಿದ್ದಿತು.

ಗಾಂಧಿನಗರದಲ್ಲಿ ಬೇರುಬಿಟ್ಟ ಪದ್ಧತಿಯೆಂದರೆ ‘ಕಥೆ ಹೇಳುವುದು’; ಅದೇ ಎರಡನೆಯ ದಾರಿ. ಬರೆದ ಪ್ರತಿಯನ್ನು ಕೊಟ್ಟು ಬರುವುದಕ್ಕೆ ಅಲ್ಲಿ ಹೆಚ್ಚಿನ ಅರ್ಥವಿರಲಿಲ್ಲ. ಎರಡು ಗಂಟೆಗಳ ಕಾಲ ಎದುರಿಗೆ ಕುಳಿತು ಓದುವ ತಾಳ್ಮೆ ಎಲ್ಲ ನಿರ್ಮಾಪಕರಿಗೂ ಇರಲಿಲ್ಲ, ಆದರೆ ಕೇಳುವ ಕುತೂಹಲ ಬಹುಮಂದಿಗೆ ಇತ್ತು. ವಸತಿಗೃಹದ ಕೋಣೆಯೊಂದರಲ್ಲಿ ಅಥವಾ ಕಛೇರಿಯಲ್ಲಿ ನಿರ್ಮಾಪಕ, ನಿರ್ದೇಶಕ, ಕೆಲವೊಮ್ಮೆ ಮುಂಗಡ ಕೊಡುವ ಹಂಚಿಕೆದಾರ, ಇಷ್ಟು ಜನ ಸೇರಿದಾಗ, ಕಥೆಗಾರನು ನಾಯಕನೂ ಖಳನೂ ತಾಯಿಯೂ ತಾನೇ ಆಗಿ, ಎಲ್ಲಿ ಹಾಡು, ಎಲ್ಲಿ ಹೊಡೆದಾಟ, ಎಲ್ಲಿ ಇಂಟರ್‌ವಲ್ ಎಂಬುದನ್ನು ಧ್ವನಿಯ ಏರಿಳಿತದಿಂದಲೇ ತೋರಿಸಬೇಕಾಗಿತ್ತು. ಕೇಳುವವರ ಮುಖಭಾವವನ್ನು ನೋಡಿ, ಬೇಸರದ ಸೂಚನೆ ಕಂಡರೆ ದೃಶ್ಯವೊಂದನ್ನು ಅಲ್ಲಿಯೇ ಮೊಟಕುಗೊಳಿಸಿ, ಕಣ್ಣು ಹನಿಗೂಡಿದರೆ ಆ ಸನ್ನಿವೇಶವನ್ನು ಇನ್ನಷ್ಟು ಹಿಗ್ಗಿಸಿ ಹೇಳುವ ಚಾತುರ್ಯವು ನಮ್ಮ ಹರಿಕಥೆಯ ಪರಂಪರೆಯಿಂದ ಇಳಿದುಬಂದುದೆಂದರೆ ತಪ್ಪಾಗಲಾರದು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಬೀಗರ ಮನೆಯವರು ಉಪ್ಪಿಟ್ಟು ತಿಂದು ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಏಳುವಂತೆ, ಇಲ್ಲಿಯೂ ‘ಚೆನ್ನಾಗಿದೆ, ಯೋಚನೆ ಮಾಡೋಣ’ ಎಂಬ ಮಾತಿನೊಡನೆ ಕಾಫಿಯ ಲೋಟಗಳು ಖಾಲಿಯಾಗುತ್ತಿದ್ದುವು. ಒಪ್ಪಿಗೆಯಾದರೆ ಸ್ವಲ್ಪ ಅಡ್ವಾನ್ಸು, ಬಳಿಕ ‘ಡಿಸ್ಕಷನ್’, ಬಳಿಕ ದೃಶ್ಯಗಳನ್ನು ಒಂದೊಂದೇ ಸಾಲಿನಲ್ಲಿ ಪೋಣಿಸುವ ‘ಒನ್‌ಲೈನ್ ಆರ್ಡರು’, ಕಟ್ಟಕಡೆಗೆ ಪುಟದ ಎಡಭಾಗದಲ್ಲಿ ಕ್ರಿಯೆಯನ್ನೂ ಬಲಭಾಗದಲ್ಲಿ ಸಂಭಾಷಣೆಯನ್ನೂ ಬರೆದ ಚಿತ್ರಕಥೆ. ಆ ಪ್ರತಿಗೆ ಮುಹೂರ್ತದ ದಿನ ಅರಿಶಿನ ಕುಂಕುಮಗಳ ಪೂಜೆ.

ಈ ಪದ್ಧತಿಯ ಆಧಾರಸ್ತಂಭ ವಿಶ್ವಾಸ. ಹೇಳಿದ ಕಥೆಗೆ ಸಾಕ್ಷಿಯಿಲ್ಲ; ಕೇಳಿದವನ ಸೌಜನ್ಯವೇ ಕಥೆಗಾರನ ದಸ್ತಾವೇಜು. ಹಾಗೆ ಹೇಳಿದ ಕಥೆಯು ಕಾಲಾಂತರದಲ್ಲಿ ಬೇರೊಬ್ಬರ ಹೆಸರಿನಲ್ಲಿ ತೆರೆಯ ಮೇಲೆ ಮೂಡಿದರೆ ನ್ಯಾಯವೇನೆಂಬ ಪ್ರಶ್ನೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ದೆಹಲಿಯ ನಾಟಕಕಾರರಾದ ಆರ್. ಜಿ. ಆನಂದರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ನಿರ್ದೇಶಕ ಮೋಹನ್ ಸೆಹಗಲ್ಲರಿಗೆ ಓದಿ ಹೇಳಿದ ಮೇಲೆ, 1956ರಲ್ಲಿ ತೆರೆಕಂಡ ‘ನ್ಯೂ ಡೆಲ್ಲಿ’ ಎಂಬ ಹಿಂದೀ ಚಿತ್ರವು ತಮ್ಮ ಕೃತಿಯ ಅನುಕರಣವೆಂದು ಮೊಕದ್ದಮೆ ಹೂಡಿದರು. ಆ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿ 1978ರಲ್ಲಿ ಮುಗಿದಾಗ, ಭಾವನೆ, ವಸ್ತು, ಕಥಾಸೂತ್ರ, ಐತಿಹಾಸಿಕ ಸಂಗತಿ ಇವುಗಳಲ್ಲಿ ಯಾರಿಗೂ ಕೃತಿಸ್ವಾಮ್ಯವಿಲ್ಲ, ಅವುಗಳನ್ನು ಲೇಖಕನು ಅಭಿವ್ಯಕ್ತಗೊಳಿಸಿದ ರೂಪದಲ್ಲಿ, ನಿರೂಪಣೆಯಲ್ಲಿ, ವಿನ್ಯಾಸದಲ್ಲಿ ಮಾತ್ರ ಸ್ವಾಮ್ಯವುಂಟೆಂಬ ತತ್ತ್ವವು ಸ್ಥಿರವಾಯಿತು, ಆನಂದರು ಸೋತರು. ಕಥೆಯನ್ನು ಬಾಯಲ್ಲಿ ಹೇಳುವವನಿಗೆ ಈ ತೀರ್ಪಿನ ಅರ್ಥವು ಅತ್ಯಂತ ಕಠಿನವಾದುದು, ಏಕೆಂದರೆ ಅವನು ಕೊಡುವುದು ಬಹುಮಟ್ಟಿಗೆ ವಸ್ತುವನ್ನೇ. ರೂಪವು ಅವನ ಧ್ವನಿಯೊಡನೆಯೇ ಅಡಗಿಹೋಗುತ್ತದೆ. ಬುದ್ಧಿವಂತರು ಬರೆದ ಪ್ರತಿಯನ್ನು ಲಕೋಟೆಯಲ್ಲಿಟ್ಟು ತಮಗೆ ತಾವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡು, ಅಂಚೆಮುದ್ರೆಯ ತಾರೀಖನ್ನು ಸಾಕ್ಷಿಯಾಗಿ ಉಳಿಸಿ, ಆ ಲಕೋಟೆಯನ್ನು ಒಡೆಯದೆ ಪೆಟ್ಟಿಗೆಯಲ್ಲಿ ಕಾಪಾಡುವ ಉಪಾಯವನ್ನು ಹೂಡುತ್ತಿದ್ದರು. ಮುಂಬಯಿಯ ಚಿತ್ರಲೇಖಕರ ಸಂಘದಲ್ಲಿ ಪ್ರತಿಯೊಂದು ಪುಟಕ್ಕೂ ಮೊಹರು ಹಾಕಿಸಿಕೊಳ್ಳುವ ವ್ಯವಸ್ಥೆ ಇತ್ತಾದರೂ, ಅದಕ್ಕೆ ಮುಂಬಯಿಗೆ ಹೋಗಬೇಕಾಗಿತ್ತು.

ಈ ಎರಡು ದಾರಿಗಳಲ್ಲಿಯೂ ಒಂದು ಸಮಾನಲಕ್ಷಣವುಂಟು: ನಾಟಕದ ಕಂಪೆನಿಗಾಗಲಿ ವಸತಿಗೃಹದ ಕೋಣೆಗಾಗಲಿ ಕಥೆಗಾರನು ಸ್ವತಃ ಹೋಗಬೇಕು. ಕಾರ್ಖಾನೆಯ ಪಾಳಿಯನ್ನು ತಪ್ಪಿಸಲಾರದವನು, ಬೆಂಗಳೂರಿನಲ್ಲಿ ನಾಲ್ಕು ದಿನ ತಂಗುವ ಖರ್ಚನ್ನು ಹೊರಲಾರದವನು, ಸ್ವಭಾವತಃ ಸಂಕೋಚವುಳ್ಳವನು ಅಲ್ಲಿ ಗೆಲ್ಲುವುದು ದುಸ್ಸಾಧ್ಯ. ಹೆಂಗಸರ ವಿಷಯದಲ್ಲಂತೂ ಮಾತೇ ಇಲ್ಲ. ಮಧ್ಯಮವರ್ಗದ ಗೃಹಿಣಿಯೊಬ್ಬರು ಅಪರಿಚಿತ ಗಂಡಸರ ಗುಂಪಿನ ಮುಂದೆ, ಸಿಗರೇಟಿನ ಹೊಗೆಯ ನಡುವೆ ಕುಳಿತು, ತಾವು ಕಲ್ಪಿಸಿದ ಹೆಣ್ಣಿನ ದುಃಖವನ್ನು ಅಭಿನಯಿಸಿ ತೋರಿಸುವುದನ್ನು 1960ರ ದಶಕದ ಮೈಸೂರು ಊಹಿಸಲೂ ಆರದು. ಆದರೂ ಅದೇ ದಶಕದಿಂದ ಮುಂದಿನ ಎರಡು ದಶಕಗಳ ಕಾಲ ಕನ್ನಡ ಚಿತ್ರರಂಗದ ಅತ್ಯುತ್ತಮ ಕಥೆಗಳಲ್ಲಿ ಅನೇಕವು ಹೆಂಗಸರಿಂದಲೇ ಬಂದುವು. ಇದು ಹೇಗೆ ಸಾಧ್ಯವಾಯಿತೆಂಬುದೇ ನಮ್ಮ ಇತಿಹಾಸದ ಅತ್ಯಂತ ಕುತೂಹಲಕರವಾದ ಘಟ್ಟ.

ಅದನ್ನು ಸಾಧ್ಯಮಾಡಿದುದು ಮೂರನೆಯ ದಾರಿ, ಕಾದಂಬರಿ. ಮೈಸೂರಿನ ಚಾಮರಾಜಪುರದ ಮನೆಯಲ್ಲಿ ಕುಳಿತು ಬರೆದ ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರು ಹೋದ ನಾಲ್ಕು ವರ್ಷಗಳ ಮೇಲೆ, 1967ರಲ್ಲಿ, ಮೈಸೂರು ಜಿಲ್ಲೆಯವರೇ ಆದ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನು ತೆರೆಗೆ ತಂದರು, ಮರುವರ್ಷ ಎಂ. ಆರ್. ವಿಠಲರ ನಿರ್ದೇಶನದಲ್ಲಿ ‘ಹಣ್ಣೆಲೆ ಚಿಗುರಿದಾಗ’ ಬಂದಿತು, ಮುಂದೆ ಪುಟ್ಟಣ್ಣನವರದೇ ನಿರ್ದೇಶನದಲ್ಲಿ, ಮಾನಸಿಕ ಅಸ್ವಾಸ್ಥ್ಯವನ್ನು ಅನುಭವಿಸಿದ ಹೆಣ್ಣನ್ನು ಸಮಾಜವು ಕಾಣುವ ಕ್ರೂರರೀತಿಯನ್ನು ಚಿತ್ರಿಸಿದ ‘ಶರಪಂಜರ’. ಯಾವ ನಿರ್ಮಾಪಕನೆದುರಿಗೂ ಕಥೆ ಹೇಳದ ಲೇಖಕಿಯ ಕಥೆಗಳು ತಾವಾಗಿಯೇ ನಿರ್ಮಾಪಕರನ್ನು ಮುಟ್ಟಿದುವು. ತೀರ್ಥಹಳ್ಳಿಯ ಸೀಮೆಯಲ್ಲಿ ಹುಟ್ಟಿ, ನಡುವಯಸ್ಸಿನಲ್ಲಿ ಲೇಖನಿ ಹಿಡಿದ ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣನವರೇ 1969ರಲ್ಲಿ ಚಿತ್ರವಾಗಿಸಿದರು, ‘ಫಣಿಯಮ್ಮ’ವು 1983ರಲ್ಲಿ ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಬಂದು, ಕಥೆಯೂ ನಿರ್ದೇಶನವೂ ಹೆಂಗಸರದೇ ಆದ ವಿರಳ ಸಂಯೋಗಕ್ಕೆ ಉದಾಹರಣೆಯಾಯಿತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ವಾಣಿಯವರ ‘ಎರಡು ಕನಸು’, ‘ಶುಭಮಂಗಳ’, ‘ಹೊಸಬೆಳಕು’ಗಳೂ ಇದೇ ಬಗೆಯಾಗಿ ತೆರೆಯನ್ನೇರಿದುವು. 1965ರಲ್ಲಿ ಪ್ರಾರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳ ಧಾರಾವಾಹಿಗಳು, ಬಡಾವಣೆ ಬಡಾವಣೆಯಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಗಳು, ಮಧ್ಯಾಹ್ನದ ಹೊತ್ತು ಓದುವ ಸಾವಿರಾರು ಮಂದಿ ಗೃಹಿಣಿಯರು, ಇವರೆಲ್ಲರೂ ಕೂಡಿ, ಯಾವ ಕಥೆಗೆ ಜನರ ಮನಸ್ಸನ್ನು ಹಿಡಿಯುವ ಶಕ್ತಿಯಿದೆಯೆಂಬುದನ್ನು ನಿರ್ಮಾಪಕನಿಗಿಂತ ಮೊದಲೇ ನಿರ್ಧರಿಸುತ್ತಿದ್ದರು. ನಿರ್ಮಾಪಕನ ಮನೆಯಲ್ಲಿಯೇ ಅಂತಹ ಓದುಗರು ಇರುತ್ತಿದ್ದರು. ಪಾರ್ವತಮ್ಮ ರಾಜಕುಮಾರರು ಕಾದಂಬರಿಗಳನ್ನು ಓದಿ ಕಥೆಗಳನ್ನಾರಿಸುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ.

ಅಚ್ಚಿನ ಪುಟವು ಲೇಖಕಿಯ ಪರವಾಗಿ ತಾನೇ ಬೆಂಗಳೂರಿಗೆ ಹೋಗಿ, ತಾನೇ ಕಥೆ ಹೇಳಿ, ಕರ್ತೃತ್ವಕ್ಕೆ ತಾನೇ ಸಾಕ್ಷಿಯೂ ಆಗಿ ನಿಲ್ಲುತ್ತಿತ್ತು. ಪ್ರಕಟವಾದ ಕಾದಂಬರಿಯನ್ನು ಕದ್ದು ಚಿತ್ರಮಾಡುವುದು ಬಾಯಲ್ಲಿ ಕೇಳಿದ ಕಥೆಯನ್ನು ಕದಿಯುವಷ್ಟು ಸುಲಭವಲ್ಲ. ಹಾಗೆಂದು ಈ ದಾರಿಯಲ್ಲಿ ನಷ್ಟವೇ ಇರಲಿಲ್ಲವೆಂದೂ ಅಲ್ಲ. ಹಕ್ಕನ್ನು ಮಾರಿದ ಮೇಲೆ ಕೃತಿಯ ಮೇಲಣ ಹಿಡಿತ ತಪ್ಪುತ್ತಿತ್ತು. ಉತ್ತರವಯಸ್ಸಿನಲ್ಲಿ ಮೈಸೂರಿನಲ್ಲಿ ನೆಲೆಸಿದ್ದ ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ 1972ರಲ್ಲಿ ತಯಾರಿಸಿದ ‘ನಾಗರಹಾವು’ ಜನಮನ್ನಣೆಯ ಶಿಖರವನ್ನೇರಿದರೂ, ಮೂಲಕರ್ತೃವಿಗೆ ಅದು ಸಮಾಧಾನ ಕೊಡಲಿಲ್ಲವೆಂಬುದನ್ನು ಅಂದಿನ ಓದುಗರೆಲ್ಲರೂ ಬಲ್ಲರು.

1980ರ ದಶಕವು ಕಳೆಯುತ್ತ ಬಂದಂತೆ ಈ ದಾರಿಯು ಸವೆಯಿತು. ಮನೆಮನೆಗೆ ದೂರದರ್ಶನ ಬಂದು ಮಧ್ಯಾಹ್ನದ ಓದು ಕ್ಷೀಣಿಸಿತು. ನೆರೆಯ ಭಾಷೆಗಳಲ್ಲಿ ಗೆದ್ದ ಚಿತ್ರದ ಹಕ್ಕನ್ನು ಕೊಂಡು ರೀಮೇಕು ಮಾಡುವುದು ನಿರ್ಮಾಪಕನಿಗೆ ಅತ್ಯಂತ ನಿರ್ಭಯವಾದ ವ್ಯವಹಾರವಾಗಿ ತೋರಿತು, ಏಕೆಂದರೆ ಅಲ್ಲಿ ಓದಿ ನೋಡುವ ಕೆಲಸವೂ ಇಲ್ಲ, ಕೇಳಿ ನೋಡುವ ಕೆಲಸವೂ ಇಲ್ಲ, ಗಲ್ಲಾಪೆಟ್ಟಿಗೆಯ ಲೆಕ್ಕವೇ ಕಥೆಯ ಯೋಗ್ಯತಾಪತ್ರ. ಮೈಸೂರಿಗೆ ಇನ್ನೊಂದು ಆಘಾತವೂ ಒದಗಿತು. 1989ರ ಫೆಬ್ರವರಿ 8ರಂದು, ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನಾಧರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆಯಲ್ಲಿ ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಎದ್ದು 62 ಮಂದಿ ಮಡಿದರು. ಆ ದುರಂತದ ಬಳಿಕ ಸ್ಟುಡಿಯೊ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಹೀಗೆ ಶತಮಾನದ ಕೊನೆಯ ವೇಳೆಗೆ ರಂಗಭೂಮಿಯ ದಾರಿ ಮುಚ್ಚಿ, ಕಾದಂಬರಿಯ ದಾರಿ ಸವೆದು, ಗಾಂಧಿನಗರದ ಕೋಣೆಯೊಂದೇ ಉಳಿಯಿತು. ತೆರೆಯ ಮೇಲಿಂದ ಹೆಂಗಸರ ಕಥೆಗಳು ಹಿಂಜರಿದುದೂ ಇದೇ ಕಾಲದಲ್ಲಿ ಎಂಬುದನ್ನು ಬರಿಯ ಕಾಕತಾಳೀಯವೆಂದು ತಳ್ಳಿಹಾಕಲಾಗದು.

ನಾಲ್ಕನೆಯ ದಾರಿಯಾದ ಅಂತರ್ಜಾಲವು ಮೊದಲು ತೆರೆದದ್ದು ಅಮೆರಿಕದಲ್ಲಿ. ಏಜೆಂಟರಿಲ್ಲದ ಲೇಖಕನ ಪ್ರತಿಯನ್ನು ಬಿಚ್ಚಿಯೂ ನೋಡದಿರುವುದು ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳ ನಿಯಮವಾಗಿದ್ದುದರಿಂದ, ಲೇಖಕರ ಕೃತಿಗಳ ಪಟ್ಟಿಯನ್ನು ನಿರ್ಮಾಪಕರ ಮುಂದಿರಿಸುವ ಇಂಕ್‌ಟಿಪ್‌ನಂತಹ ಅಂತರ್ಜಾಲ ಸೇವೆಗಳು 2000ದ ಸುಮಾರಿಗೆ ಹುಟ್ಟಿದುವು. ಫ್ರಾಂಕ್ಲಿನ್ ಲೆನರ್ಡ್ ಎಂಬವರು 2005ರಲ್ಲಿ, ಓದಿದವರಿಗೆ ಮೆಚ್ಚುಗೆಯಾಗಿಯೂ ಚಿತ್ರವಾಗದೆ ಉಳಿದ ಪ್ರತಿಗಳ ವಾರ್ಷಿಕ ಪಟ್ಟಿಯೊಂದನ್ನು ‘ಬ್ಲ್ಯಾಕ್ ಲಿಸ್ಟ್’ ಎಂಬ ಹೆಸರಿನಲ್ಲಿ ಪ್ರಾರಂಭಿಸಿ, 2012ರಲ್ಲಿ ಅದನ್ನು ಯಾರು ಬೇಕಾದರೂ ಶುಲ್ಕ ತೆತ್ತು ಪ್ರತಿಯನ್ನಿರಿಸಬಹುದಾದ ಸೇವೆಯಾಗಿ ವಿಸ್ತರಿಸಿದರು. ಅಲ್ಲಿ ಸಂಬಳದ ಓದುಗರು ಪ್ರತಿಯನ್ನೋದಿ ಅಂಕ ಕೊಡುತ್ತಾರೆ, ಅಂಕ ಹೆಚ್ಚಾದರೆ ಉದ್ಯಮದ ಕಣ್ಣು ಅತ್ತ ತಿರುಗುತ್ತದೆ. ಅಮೆಜಾನ್ ಸ್ಟುಡಿಯೋಸ್ ಸಂಸ್ಥೆಯು 2010ರಲ್ಲಿ ಎಲ್ಲರಿಂದಲೂ ಮುಕ್ತವಾಗಿ ಚಿತ್ರಕಥೆಗಳನ್ನು ಆಹ್ವಾನಿಸಿ, 2018ರಲ್ಲಿ ಆ ವ್ಯವಸ್ಥೆಯನ್ನು ನಿಲ್ಲಿಸಿಬಿಟ್ಟಿತು. ಭಾರತದಲ್ಲಿ ಚಲನಚಿತ್ರ ಅಭಿವೃದ್ಧಿ ನಿಗಮವು 2007ರಿಂದ ಗೋವೆಯಲ್ಲಿ ನಡೆಸಿದ ಫಿಲ್ಮ್ ಬಜಾರ್, ಅದಕ್ಕೆ ಸೇರಿದ ಚಿತ್ರಕಥಾ ಕಮ್ಮಟ ಇವುಗಳಿಗೆ ಅರ್ಜಿಗಳು ಅಂತರ್ಜಾಲದಲ್ಲಿಯೇ ಸಲ್ಲುತ್ತವೆ. ಮುಂಬಯಿಯ ಲೇಖಕರ ಸಂಘದ ನೋಂದಣಿಯನ್ನೂ ಈಗ ಮನೆಯಲ್ಲಿ ಕುಳಿತೇ ಮಾಡಿಕೊಳ್ಳಬಹುದು. ಕೇಂದ್ರಸರ್ಕಾರದ ಕೃತಿಸ್ವಾಮ್ಯ ಕಛೇರಿಯೂ ಅರ್ಜಿಯನ್ನು ಅದೇ ರೀತಿಯಲ್ಲಿ ಸ್ವೀಕರಿಸುತ್ತದೆ.

ಕನ್ನಡದಲ್ಲಿ ಈ ದಾರಿಯ ಶಕ್ತಿಯನ್ನು ಮೊದಲು ತೋರಿಸಿಕೊಟ್ಟವರು ಪವನ್ ಕುಮಾರರು. ತಮ್ಮ ‘ಲೂಸಿಯಾ’ದ ಕಥೆಗೆ ರೂಢಿಯ ನಿರ್ಮಾಪಕರು ಒದಗದೆ ಹೋದಾಗ, ಅವರು 2012ರಲ್ಲಿ ಅಂತರ್ಜಾಲದ ಮೂಲಕ ಪ್ರೇಕ್ಷಕರನ್ನೇ ನೇರವಾಗಿ ಸಂಬೋಧಿಸಿ, ನೂರಕ್ಕೂ ಮಿಕ್ಕಿದ ಜನರಿಂದ ಸುಮಾರು 50 ಲಕ್ಷ ರೂಪಾಯಿಗಳನ್ನು ಒಂದು ತಿಂಗಳಿನೊಳಗಾಗಿ ಕೂಡಿಸಿದರು, 2013ರಲ್ಲಿ ತೆರೆಕಂಡ ಆ ಚಿತ್ರವು ಕಥೆಗೂ ಹಣಕ್ಕೂ ನಡುವೆ ಗಾಂಧಿನಗರದ ಕೋಣೆಯು ಅನಿವಾರ್ಯವಲ್ಲವೆಂಬುದನ್ನು ಪ್ರಮಾಣೀಕರಿಸಿತು. ಆದರೆ ಪವನ್ ಕುಮಾರರು ಉದ್ಯಮದೊಳಗೆ ಮೊದಲೇ ಹೆಸರು ಮಾಡಿದ್ದವರು, ಸ್ವತಃ ನಿರ್ದೇಶಕರು ಎಂಬುದನ್ನೂ ನೆನೆಯಬೇಕು. ಕಥೆಯೊಂದನ್ನು ಮಾತ್ರ ಉಳ್ಳವರ, ಎಂದರೆ ಹಿಂದೆ ಕಾದಂಬರಿಯ ದಾರಿಯಲ್ಲಿ ನಡೆದು ಬಂದಂತಹವರ ಪಾಲಿಗೆ ಅಂತರ್ಜಾಲವು ಏನನ್ನು ಕೊಟ್ಟಿತೆಂಬುದೇ ನಿಜವಾದ ಪರೀಕ್ಷೆ.

ಕೊಟ್ಟದ್ದು ಸ್ವಲ್ಪವೇನೂ ಅಲ್ಲ. ನಿರ್ಮಾಣಸಂಸ್ಥೆಯ ವಿಳಾಸಕ್ಕೆ ಕಳುಹಿಸಿದ ಪ್ರತಿಯ ದಿನಾಂಕ, ಗಳಿಗೆ ಎಲ್ಲವೂ ದಾಖಲೆಯಾಗಿ ನಿಲ್ಲುವುದರಿಂದ, ಮೊಹರಾದ ಲಕೋಟೆಯ ಹಳೆಯ ಉಪಾಯವು ಅನಾವಶ್ಯಕವಾಯಿತು. ಬರೆದ ರೂಪದಲ್ಲಿಯೇ ಕೃತಿಯು ಹೋಗುವುದರಿಂದ, 1978ರ ತೀರ್ಪು ಕೇಳುವ ‘ಅಭಿವ್ಯಕ್ತಿ’ಯು ಕರ್ತೃವಿನ ಕೈಯಲ್ಲಿ ಉಳಿಯುತ್ತದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ಗೌರವಧನದ ಹಕ್ಕನ್ನು ಚಿತ್ರದಲ್ಲಿ ಸೇರಿದ ಸಾಹಿತ್ಯದ ಕರ್ತೃಗಳಿಂದ ಕಸಿಯಲಾಗದೆಂದು ವಿಧಿಸಿರುವುದರಿಂದ, ಯಾರು ಬರೆದರೆಂಬ ದಾಖಲೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಮುಖ್ಯವಾಗಿ, ಕಥೆಗಾರನೋ ಕಥೆಗಾರ್ತಿಯೋ ಯಾವ ಕೋಣೆಗೂ ಹೋಗಬೇಕಾಗಿಲ್ಲ. ರಾತ್ರಿಪಾಳಿ ಮುಗಿಸಿ ಬಂದವನು ಬೆಳಗ್ಗೆ ಕಳುಹಿಸಬಹುದು, ಮಕ್ಕಳನ್ನು ಶಾಲೆಗೆ ಅಟ್ಟಿದ ತಾಯಿ ಮಧ್ಯಾಹ್ನ ಕಳುಹಿಸಬಹುದು. ಅಷ್ಟರಮಟ್ಟಿಗೆ ಇದು ತ್ರಿವೇಣಿ, ಇಂದಿರಾ, ವಾಣಿಯವರು ನಡೆದ ದಾರಿಯ ಪುನರುಜ್ಜೀವನ.

ಕೊರತೆಗಳನ್ನೂ ಹೇಳಬೇಕು. ಈ ಸೇವೆಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಒಂದು ವಾಕ್ಯದ ಸಾರ, ಒಂದು ಪುಟದ ಸಂಗ್ರಹ, ಬಳಿಕ ಪೂರ್ಣಪ್ರತಿ ಎಂಬ ಕ್ರಮವೂ ಅಲ್ಲಿಯದೇ. ಹಳ್ಳಿಯ ಜೀವನವನ್ನು ಸೊಗಸಾದ ಆಡುಗನ್ನಡದಲ್ಲಿ ಬರೆಯಬಲ್ಲವನು ಆ ಒಂದು ಇಂಗ್ಲಿಷ್ ವಾಕ್ಯದಲ್ಲಿ ಸೋತು ಹಿಂತಿರುಗಬಹುದು. 1998ರಲ್ಲಿ ಬಂದ ‘ಬರಹ’, ಸರ್ಕಾರವು ಅಂಗೀಕರಿಸಿದ ‘ನುಡಿ’ ಇವುಗಳಿಂದ ಗಣಕದಲ್ಲಿ ಕನ್ನಡ ಬರೆಯುವುದು ಸುಲಭವಾಯಿತಾದರೂ, ಒಂದು ಅಕ್ಷರವಿನ್ಯಾಸದಲ್ಲಿ ಬರೆದದ್ದು ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವ ಪೀಡೆಯನ್ನು ಯುನಿಕೋಡು ನೆಲೆಗೊಳ್ಳುವವರೆಗೆ ಬರೆಹಗಾರರೆಲ್ಲರೂ ಅನುಭವಿಸಿದರು; ಕನ್ನಡದ ಸಂಭಾಷಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಅಭ್ಯಾಸವು ಉದ್ಯಮದಲ್ಲಿ ಇಂದಿಗೂ ಹೋಗಿಲ್ಲ. ಇನ್ನು, ಅನೇಕ ಸಂಸ್ಥೆಗಳು ಪ್ರತಿಯನ್ನು ತೆರೆಯುವ ಮೊದಲು, ಇಂಥದೇ ವಸ್ತು ತಮ್ಮಲ್ಲಿ ಮೊದಲೇ ಇದ್ದಿರಬಹುದು, ಆ ಬಗ್ಗೆ ಲೇಖಕನು ವ್ಯಾಜ್ಯ ಹೂಡತಕ್ಕದ್ದಲ್ಲ ಎಂಬ ಒಪ್ಪಂದಕ್ಕೆ ಸಹಿ ಕೇಳುತ್ತವೆ. ದಾಖಲೆಯು ಕೊಟ್ಟ ರಕ್ಷಣೆಯ ಒಂದು ಭಾಗವನ್ನು ಆ ಸಹಿಯು ಹಿಂದಕ್ಕೆ ಪಡೆಯುತ್ತದೆ.

ಇವೆಲ್ಲಕ್ಕಿಂತಲೂ ಗಂಭೀರವಾದ ಕೊರತೆ ಮೌನ. ಗಾಂಧಿನಗರದ ಕೋಣೆಯಲ್ಲಿ ಕೇಳುವವನು ಒಪ್ಪಲಿ ಬಿಡಲಿ, ಅವನ ಮುಖವಾದರೂ ಎದುರಿಗಿತ್ತು. ಆಕಳಿಕೆಯೂ ಒಂದು ವಿಮರ್ಶೆಯಾಗಿತ್ತು. ಕಾದಂಬರಿಯ ದಾರಿಯಲ್ಲಿ ಸಂಪಾದಕನ ಪತ್ರ, ಓದುಗರ ಓಲೆ, ಪುಸ್ತಕದಂಗಡಿಯವನ ಮಾತು ಇವುಗಳಿಂದ ಕೃತಿಯ ಬಲಾಬಲಗಳು ಕರ್ತೃವಿಗೆ ತಿಳಿಯುತ್ತಿದ್ದುವು. ಅಂತರ್ಜಾಲದಲ್ಲಿ ಕಳುಹಿಸಿದ ಪ್ರತಿಗೆ ಬಹುಪಾಲು ‘ತಲುಪಿದೆ’ ಎಂಬ ಯಾಂತ್ರಿಕ ಉತ್ತರವನ್ನು ಬಿಟ್ಟು ಮತ್ತೊಂದು ಬಾರದು. ತ್ರಿವೇಣಿಯವರ ಕಾಲದ ದಾರಿಯನ್ನು ದಾರಿಯನ್ನಾಗಿ ಮಾಡಿದುದು ಅಚ್ಚಿನ ಯಂತ್ರಕ್ಕಿಂತ ಹೆಚ್ಚಾಗಿ ಓದುವ ಜನ. ಇಂದು ಪ್ರತಿಗಳನ್ನು ಸಾಗಿಸುವ ಸಾಧನವು ಸಿದ್ಧವಾಗಿದೆ, ಓದುವ ವ್ಯವಸ್ಥೆ ಸಿದ್ಧವಾಗಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿಯಾಗಲಿ, ವಾಣಿಜ್ಯ ಮಂಡಲಿಯಾಗಲಿ, ನಿರ್ಮಾಪಕರೇ ಕೂಡಿ ಕಟ್ಟಿದ ಸಂಸ್ಥೆಯಾಗಲಿ, ಕನ್ನಡದಲ್ಲಿ ಬರೆದ ಪ್ರತಿಗಳನ್ನು ಕನ್ನಡದಲ್ಲಿಯೇ ಸ್ವೀಕರಿಸಿ, ಸಂಬಳದ ಓದುಗರಿಂದ ಓದಿಸಿ, ಇಂತಿಷ್ಟು ದಿನಗಳೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಕಾರಣಸಹಿತವಾಗಿ ಬರೆದು ತಿಳಿಸುವ ಏರ್ಪಾಡನ್ನು ಮಾಡಿದರೆ, ಅದಕ್ಕೆ ತಗಲುವ ವೆಚ್ಚವು ಒಂದು ರೀಮೇಕಿನ ಹಕ್ಕಿಗೆ ತೆರುವ ಹಣಕ್ಕಿಂತ ಬಹಳ ಕಡಮೆಯಾದೀತು. ಕಾರಣ ತಿಳಿಸಿದ ನಿರಾಕರಣೆಯನ್ನು ಪಡೆದವನು ಎರಡನೆಯ ಕಥೆಯನ್ನು ಉತ್ತಮವಾಗಿ ಬರೆಯುತ್ತಾನೆ. ಉತ್ತರವನ್ನೇ ಪಡೆಯದವನು ಎರಡನೆಯದನ್ನು ಬರೆಯುವುದೇ ಇಲ್ಲ.